ಕಡಜಕ್ಕೆ ಹೆಸರಿತ್ತು, ಈ ರೋಗಕ್ಕಿರಲಿಲ್ಲ

ಮಲೆನಾಡು, ಕರಾವಳಿಯಲ್ಲಿ ಜೇನು ಸಾಕುವವರಿಗೆ ಜೇನಿನ ಶತ್ರುಗಳು ಹಳೆಯ ಪರಿಚಿತರು. ಪೆಟ್ಟಿಗೆಯ ಬಾಗಿಲಲ್ಲೇ ಕಾದು ನೊಣವನ್ನು ಹೊತ್ತೊಯ್ಯುವ ಕಡಜ, ತಂತಿಯ ಮೇಲೆ ಕೂತು ಹೊಂಚು ಹಾಕುವ ಕಳ್ಳಿಪೀರ, ಎರಿಯನ್ನು ಕೊರೆದು ಬಲೆ ಹೆಣೆಯುವ ಮೇಣದ ಹುಳು, ಸಾಲುಗಟ್ಟಿ ಬರುವ ಇರುವೆ, ಕಾಡಂಚಿನಲ್ಲಿ ಕರಡಿ. ಪ್ರತಿಯೊಂದಕ್ಕೂ ಹೆಸರಿತ್ತು. ಇರುವೆಗೆ ಸ್ಟ್ಯಾಂಡಿನ ಕಾಲಡಿ ನೀರಿನ ಬಟ್ಟಲು, ಮೇಣದ ಹುಳುವಿಗೆ ಖಾಲಿ ಎರಿ ತೆಗೆಯುವುದು, ಹೀಗೆ ಉಪಾಯಗಳೂ ಇದ್ದವು.

ತುಡುವೆ ಜೇನಿಗೂ ತನ್ನದೇ ಉಪಾಯಗಳಿವೆ. ದಾಳಿಗೆ ಬಂದ ಕಡಜವನ್ನು ನೂರಾರು ನೊಣಗಳು ಉಂಡೆಯಾಗಿ ಮುತ್ತಿ, ಮೈ ಅದುರಿಸಿ ಸುಮಾರು 46 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾವೇರಿಸುತ್ತವೆ. ಆ ಬಿಸಿಗೆ ಕಡಜ ಸಾಯುತ್ತದೆ, ನೊಣಗಳು ತಡೆದುಕೊಳ್ಳುತ್ತವೆ. ಮೇಣದ ಹುಳುವಿನ ಕಾಟ ಮಿತಿಮೀರಿದರೆ ಇಡೀ ಕುಟುಂಬ ಗೂಡು ಬಿಟ್ಟು ಹೋಗುತ್ತದೆ.

1991–92ರಲ್ಲಿ ಬಂದ ಶತ್ರುವನ್ನು ಎದುರಿಸಲು ಇದ್ಯಾವುದೂ ಸಾಲಲಿಲ್ಲ. ಎರಿಯ ಕೋಣೆಗಳಲ್ಲಿ ಮರಿಹುಳುಗಳು ಕೋಶಾವಸ್ಥೆಗೆ ಹೋಗುವ ಮೊದಲೇ ಸಾಯತೊಡಗಿದವು. ಕೊನೆಯ ಪೊರೆ ಕಳಚದೆ, ಒಳಗೆ ನೀರು ತುಂಬಿ, ತಲೆಯ ತುದಿ ದೋಣಿಯ ಮೂತಿಯಂತೆ ಮೇಲೆದ್ದು ನಿಲ್ಲುತ್ತಿತ್ತು. ಚಿಮುಟದಿಂದ ಎತ್ತಿದರೆ ಪುಟ್ಟ ಚೀಲವೇ ಕೈಗೆ ಬರುತ್ತಿತ್ತು. ಇಂಗ್ಲಿಷಿನ ‘ಸ್ಯಾಕ್‌ಬ್ರೂಡ್’ ಎಂಬ ಹೆಸರಿನ ಅರ್ಥವೂ ಅದೇ: ಚೀಲವಾದ ಮರಿ. 1976ರಲ್ಲಿ ಥಾಯ್ಲೆಂಡಿನ ತುಡುವೆಗಳಲ್ಲಿ ಕಂಡ ವೈರಸ್ ಇದು. ನಮ್ಮಲ್ಲಿ ಈಗಲೂ ‘ಥಾಯ್ ಸ್ಯಾಕ್‌ಬ್ರೂಡ್’ ಎಂದೇ ಕರೆಯುತ್ತಾರೆ. ಆ ಹೊಡೆತಕ್ಕೆ ದಕ್ಷಿಣ ಭಾರತದ ತುಡುವೆ ಕುಟುಂಬಗಳಲ್ಲಿ ಶೇ. 90ಕ್ಕೂ ಹೆಚ್ಚು ನಾಶವಾದವು ಎಂಬುದು ಸಾಮಾನ್ಯ ಅಂದಾಜು. ಕೊಡಗು, ದಕ್ಷಿಣ ಕನ್ನಡ, ಉತ್ತರ ಕನ್ನಡಗಳಲ್ಲಿ ಪೆಟ್ಟಿಗೆಗಳು ಖಾಲಿಯಾಗಿ ಅಂಗಳದಲ್ಲಿ ಉಳಿದವು.

ಆ ಪೆಟ್ಟಿಗೆಗಳಿಗೂ ಒಂದು ಚರಿತ್ರೆಯಿದೆ. ತಿರುಚಿರಾಪಳ್ಳಿಯಲ್ಲಿದ್ದ ಪಾದ್ರಿ ನ್ಯೂಟನ್ 1911ರಿಂದ 1917ರವರೆಗೆ ಜನರಿಗೆ ಜೇನು ಸಾಕಣೆ ಕಲಿಸಿದರು. ಅವರ ಹೆಸರಿನ ಚಿಕ್ಕ ಪೆಟ್ಟಿಗೆ ದಕ್ಷಿಣದಲ್ಲೆಲ್ಲ ಹರಡಿತು. ವಿರಾಜಪೇಟೆ, ಪುತ್ತೂರುಗಳ ಸಹಕಾರ ಸಂಘಗಳು ಈ ಕಸುಬಿಗೆ ಮಾರುಕಟ್ಟೆ ಕೊಟ್ಟವು. ಮರದ ಪೊಟರೆಯ ಜೇನು ಹೀಗೆ ಮನೆಯಂಗಳಕ್ಕೆ ಬಂತು. ಕುಟುಂಬಗಳ ಮಾರಾಟ, ಎರಿಗಳ ಅದಲುಬದಲು ಸುಲಭವಾಯಿತು. ಅಂಥ ರೋಗಕ್ಕೆ ಅದೇ ದಾರಿಯೂ ಆಗುತ್ತದೆ.

ತುಡುವೆ ಹೋದ ಜಾಗಕ್ಕೆ ಹಲವರು ಯುರೋಪಿನ ಮೆಲ್ಲಿಫೆರಾ ಜೇನನ್ನು ತಂದರು. 1960ರ ದಶಕದಲ್ಲಿ ಆಗಿನ ಪಂಜಾಬಿನ ನಗ್ರೋಟಾ ಬಗವಾನ್‌ನಲ್ಲಿ ನೆಲೆಯೂರಿದ್ದ ಜಾತಿ ಅದು. ಈ ವೈರಸ್ ಅದನ್ನು ಅಷ್ಟಾಗಿ ಕಾಡಲಿಲ್ಲ. ಆದರೆ ವರೋವಾ ಎಂಬ ಉಣ್ಣಿ ಕಾಡಿತು. ಅದು ತುಡುವೆಯ ಹಳೆಯ ಬಾಡಿಗೆದಾರ. ತುಡುವೆ ಅದನ್ನು ಮೈಯಿಂದ ಕೆರೆದು ತೆಗೆಯುತ್ತದೆ, ಅಲ್ಲಿ ಅದು ಹೆಚ್ಚಾಗಿ ಗಂಡು ನೊಣದ ಮರಿಗಳಲ್ಲೇ ಬೆಳೆಯುತ್ತದೆ. ಒಂದರ ಜೊತೆ ಹೊಂದಿಕೊಂಡಿದ್ದ ಜೀವಿಯೇ ಇನ್ನೊಂದಕ್ಕೆ ಮಾರಕವಾಯಿತು.

ಸ್ಯಾಕ್‌ಬ್ರೂಡಿಗೆ ಔಷಧಿ ಸಿಗಲಿಲ್ಲ. ರಾಣಿಯನ್ನು ಕೆಲದಿನ ಪಂಜರದಲ್ಲಿಟ್ಟು ಮೊಟ್ಟೆ ನಿಲ್ಲಿಸಿದರೆ ವೈರಸ್ಸಿಗೆ ಮರಿಗಳು ಸಿಗುವುದಿಲ್ಲ. ಮುಖ್ಯ ಕೆಲಸ ಬದುಕುಳಿದ ಕುಟುಂಬಗಳದ್ದು. ಅವುಗಳನ್ನೇ ಪಾಲು ಮಾಡಿ ಮತ್ತೆ ಪೆಟ್ಟಿಗೆ ತುಂಬಿಸಿದರು. ರೋಗ ಪೂರ್ತಿ ಹೋಗಿಲ್ಲ, ಆಗಾಗ ಮರಳುತ್ತದೆ. ಆದ್ದರಿಂದ ಹೊಸ ಕುಟುಂಬ ಕೊಳ್ಳುವವರು ಮೊದಲು ಎರಿ ಎತ್ತಿ ಮರಿಗಳನ್ನು ನೋಡಬೇಕು.