ಚಳಿಗಾಲದ ಮರಿಗಳೂ ಸಾಕುತಾಯಿ ರಾಟವಾಳವೂ

ಗೂಲ್ಡಿಯನ್ ಫಿಂಚ್ ಅನ್ನೋ ಹಕ್ಕಿಯ ಫೋಟೋ ನೋಡಿದವರಿಗೆ ಯಾರೋ ಕೂತು ಬಣ್ಣ ಬಳಿದಿರಬೇಕು ಅನ್ನಿಸಿದರೆ ಆಶ್ಚರ್ಯವಿಲ್ಲ. ಹಸಿರು ಬೆನ್ನು, ನೇರಳೆ ಎದೆ, ಹಳದಿ ಹೊಟ್ಟೆ; ಮುಖ ಕಪ್ಪು ಅಥವಾ ಕೆಂಪು, ಅಪರೂಪಕ್ಕೆ ಹಳದಿ. ಗಾತ್ರದಲ್ಲಿ ಗುಬ್ಬಚ್ಚಿಗಿಂತ ಚಿಕ್ಕದು. ಊರು ಉತ್ತರ ಆಸ್ಟ್ರೇಲಿಯಾ. ಇಂಗ್ಲೆಂಡಿನ ಜಾನ್ ಗೂಲ್ಡ್ 1844ರಲ್ಲಿ ಇದಕ್ಕೆ ತನ್ನ ಹೆಂಡತಿ ಎಲಿಜಬೆತ್‌ಳ ಹೆಸರಿಟ್ಟ. ಅವನ ಪುಸ್ತಕಗಳಿಗೆ ನೂರಾರು ಹಕ್ಕಿಗಳ ಚಿತ್ರ ಬರೆದುಕೊಟ್ಟವಳು ಆಕೆ. ಪಾಪ, ಹೆಸರಿಡುವಷ್ಟರಲ್ಲಿ ತೀರಿಕೊಂಡು ಮೂರು ವರ್ಷವಾಗಿತ್ತು.

ಆದರೆ ನಾನು ಹೇಳಹೊರಟಿದ್ದು ಈ ಹಕ್ಕಿಯ ಮರಿಗಳು ಯೂರೋಪಿನ ಚಳಿಯಲ್ಲಿ ಬದುಕಿಕೊಂಡ ಕತೆ.

1880ರ ದಶಕದಲ್ಲಿ ಜೀವಂತ ಗೂಲ್ಡಿಯನ್‌ಗಳು ಹಡಗಿನಲ್ಲಿ ಯೂರೋಪಿಗೆ ಬಂದವು. ದೂರದೇಶದ ಸಣ್ಣ ಹಕ್ಕಿಗಳನ್ನು ಮನೆಯೊಳಗೆ ಮರಿ ಮಾಡಿಸುವ ಗೀಳು ಅಲ್ಲಿ ಆಗಲೇ ಇತ್ತು. ಬರ್ಲಿನ್ನಿನ ಕಾರ್ಲ್ ರುಸ್ ಅನ್ನುವವನು 1872ರಲ್ಲೇ ಅದಕ್ಕೊಂದು ಪತ್ರಿಕೆ ಶುರು ಮಾಡಿದ್ದ! ಆದರೆ ಗೂಲ್ಡಿಯನ್ ಇವರನ್ನೆಲ್ಲ ಸುಸ್ತು ಮಾಡಿಬಿಟ್ಟಿತು. ಯಾಕೆ ಅಂದರೆ, ಹಕ್ಕಿ ಬರುವಾಗ ತನ್ನ ಪಂಚಾಂಗವನ್ನೂ ಜೊತೆಗೆ ತಂದಿತ್ತು.

ಉತ್ತರ ಆಸ್ಟ್ರೇಲಿಯಾದಲ್ಲಿ ಮಳೆ ಬೀಳೋದು ನಮ್ಮ ಚಳಿಗಾಲದ ತಿಂಗಳುಗಳಲ್ಲಿ. ಆ ಮಳೆಗೆ ಬೆಳೆದ ಹುಲ್ಲು ಕಾಳುಕಟ್ಟಿದ ಮೇಲೆ ಗೂಲ್ಡಿಯನ್ ನೀಲಗಿರಿ ಜಾತಿಯ ಮರಗಳ ಪೊಟರೆಯಲ್ಲಿ ಮೊಟ್ಟೆಯಿಡುತ್ತದೆ. ಆ ಲೆಕ್ಕ ಯೂರೋಪಿನಲ್ಲಿ ತಲೆಕೆಳಗಾಯಿತು. ಪಂಜರದ ಗೂಲ್ಡಿಯನ್‌ಗಳು ಅನೇಕ ಕಡೆ ಶರತ್ಕಾಲ ಬಂತೆಂದರೆ ಜೋಡಿಯಾಗಿ ಗೂಡು ಹುಡುಕತೊಡಗುತ್ತಿದ್ದವು. ಹೊರಗೆ ನೋಡಿದರೆ ಹಿಮ! ಡಿಸೆಂಬರಿನ ಲಂಡನ್ನಿನಲ್ಲಿ ರಾತ್ರಿ ಅಂದರೆ ಹದಿನಾರು ಗಂಟೆ. ಕತ್ತಲಾದ ಮೇಲೆ ತಾಯಿಹಕ್ಕಿ ಗುಟುಕು ಕೊಡುವುದಿಲ್ಲ. ಬೆಳಗಾಗುವಷ್ಟರಲ್ಲಿ ಮರಿಯ ಹೊಟ್ಟೆ ಖಾಲಿ, ಮೈ ತಣ್ಣಗೆ. ಚಳಿ ಜಾಸ್ತಿಯಾದರೆ ಮೊಟ್ಟೆ ಹೊರಬರದೆ ಸಿಕ್ಕಿಕೊಂಡು ಹೆಣ್ಣು ಹಕ್ಕಿಯೇ ಸಾಯುವುದೂ ಇತ್ತು.

ಇದರ ಮೇಲೆ ಇನ್ನೊಂದು ತಾಪತ್ರಯ. ಗೂಲ್ಡಿಯನ್ ಮರಿ ಮೊಟ್ಟೆಯೊಡೆದು ಬರುವಾಗ ಬರೀ ಚರ್ಮ, ಮೈಮೇಲೆ ಒಂದು ಎಳೆ ಪುಕ್ಕವೂ ಇರುವುದಿಲ್ಲ. ತನ್ನ ಮೈಯನ್ನು ತಾನೇ ಬೆಚ್ಚಗಿಟ್ಟುಕೊಳ್ಳಲು ಅದಕ್ಕೆ ಬಾರದು. ಗೂಲ್ಡಿಯನ್ ತಂದೆತಾಯಿ ಮಾತ್ರ ಮರಿ ಏಳರಿಂದ ಹತ್ತು ದಿನದ್ದಾಗುತ್ತಲೇ ರಾತ್ರಿ ಕಾವು ಕೊಡುವುದನ್ನು ನಿಲ್ಲಿಸಿಬಿಡುತ್ತವೆ. ಇದನ್ನು ಸಾಕುವವರು ಬಹಳ ದಿನ ಹಕ್ಕಿಯ ಬೇಜವಾಬ್ದಾರಿ ಅಂತ ಬೈದರು. ನನಗೆ ಅದು ಅನ್ಯಾಯ ಅನ್ನಿಸುತ್ತದೆ. ಬೆಚ್ಚನೆಯ ನಾಡಿನಲ್ಲಿ, ಮರದ ಪೊಟರೆಯಲ್ಲಿ, ನಾಲ್ಕೈದು ಮರಿ ಒತ್ತಿಕೊಂಡು ಮಲಗಿದರೆ ಸಾಕಾಗುವ ಶಾಖ ಬರ್ಲಿನ್ನಿನ ತೆಳು ಹಲಗೆಯ ಪೆಟ್ಟಿಗೆಯಲ್ಲಿ ಎಲ್ಲಿಂದ ಬರಬೇಕು? ಗೂಡಿನಲ್ಲಿ ಒಂದೋ ಎರಡೋ ಮರಿ ಮಾತ್ರ ಇದ್ದರಂತೂ ಮುಗಿದೇಹೋಯಿತು.

ಒಲೆ ಹಚ್ಚಿದರು, ಬಿಸಿನೀರಿನ ಕೊಳವೆ ಎಳೆದರು, ಆಮೇಲೆ ಕರೆಂಟಿನ ಹೀಟರು, ಸಂಜೆಯ ಹೊತ್ತು ಹಗಲನ್ನು ಉದ್ದ ಮಾಡಲು ದೀಪ. ಇವೆಲ್ಲ ಕೆಲಸಕ್ಕೆ ಬಂದವು. ಆದರೆ ಬಹಳ ಕಡೆ ಮರಿಗಳನ್ನು ಉಳಿಸಿದ್ದು ಇನ್ನೊಂದು ಹಕ್ಕಿ: ಬೆಂಗಾಲೀಸ್ ಫಿಂಚ್.

ಹೆಸರು ನೋಡಿ ಬಂಗಾಳದ್ದು ಅಂದುಕೊಳ್ಳಬೇಡಿ :-) ಇದು ನಮ್ಮ ರಾಟವಾಳದ ಕುಲ. ಬೆನ್ನಿನ ಕೆಳಗೆ ಬಿಳಿ ಪಟ್ಟಿಯಿರುವ ಒಂದು ರಾಟವಾಳ ಪಶ್ಚಿಮಘಟ್ಟದ ಕಾಡಂಚಿನಲ್ಲಿ, ಗದ್ದೆ ಬದಿಯಲ್ಲಿ ಕಾಣಸಿಗುತ್ತದಲ್ಲ, ಅದೇ ಪ್ರಭೇದದ ಚೀನೀ ನೆಂಟ ಹದಿನೆಂಟನೆಯ ಶತಮಾನದಲ್ಲಿ ಜಪಾನಿಗೆ ಹೋಯಿತು. ಅಲ್ಲಿ ತಲೆಮಾರುಗಟ್ಟಲೆ ಪಂಜರದಲ್ಲೇ ಬೆಳೆದು ಕಾಡನ್ನೇ ಮರೆತ ಸಾಕುಹಕ್ಕಿಯಾಯಿತು. ಜಪಾನೀಯರು ಬರೆಯುವ ಅಕ್ಷರಗಳ ಪ್ರಕಾರ ಅದರ ಹೆಸರಿನ ಅರ್ಥ 'ಹತ್ತು ಮಂದಿ ಅಕ್ಕತಂಗಿಯರು'. ಎಷ್ಟು ಸರಿಯಾದ ಹೆಸರು! ರಾತ್ರಿಯಾದರೆ ಗಂಡು ಹೆಣ್ಣು ಎಲ್ಲವೂ ಒಂದೇ ಗೂಡಿಗೆ ನುಗ್ಗಿ ಮರಿಗಳ ಮೇಲೆಯೇ ಮಲಗುತ್ತವೆ. ಗೂಲ್ಡಿಯನ್ ಮರಿಯ ಬಾಯಿಯಂಚಿನಲ್ಲಿ ಹೊಳೆಯುವ ನೀಲಿ ಮಣಿಗಳಿವೆ, ರಾಟವಾಳದ ಮರಿಗೆ ಅವಿಲ್ಲ. ಆದರೂ ಈ ಸಾಕುತಾಯಿ ಭೇದ ಮಾಡದೆ ಗುಟುಕು ಕೊಡುತ್ತದೆ. ಹಾಗಾಗಿ ಸಾಕುವವರು ಗೂಲ್ಡಿಯನ್ ಮೊಟ್ಟೆ ತೆಗೆದು ಇವುಗಳ ಕೆಳಗಿಡತೊಡಗಿದರು. ಮೊಟ್ಟೆ ಕಳೆದುಕೊಂಡ ಗೂಲ್ಡಿಯನ್ ಮತ್ತೆ ಮೊಟ್ಟೆಯಿಡುತ್ತಿತ್ತು. ವ್ಯಾಪಾರಿಗಳಿಗೆ ಇದಕ್ಕಿಂತ ಇನ್ನೇನು ಬೇಕು!

1960ರಲ್ಲಿ ಆಸ್ಟ್ರೇಲಿಯಾ ತನ್ನ ಹಕ್ಕಿಗಳ ರಫ್ತು ನಿಲ್ಲಿಸಿತು. ಹೊರಗಿನವರಿಗೆ ಆಮೇಲೆ ಉಳಿದದ್ದು ತಮ್ಮ ಪಂಜರದಲ್ಲಿದ್ದ ಹಕ್ಕಿಗಳ ಸಂತಾನವಷ್ಟೇ. ಸಾಕುತಾಯಿಯ ಬೆಲೆ ಆಗ ಇನ್ನೂ ಏರಿತು.

ಇದರ ಸಾಲ ಮರಿಗಳ ಮೇಲೆ ಬಿತ್ತು. ಜರ್ಮನಿಯ ಕ್ಲಾಸ್ ಇಮ್ಮೆಲ್‌ಮನ್ ಜೀಬ್ರಾ ಫಿಂಚ್ ಮರಿಗಳನ್ನು ಬೆಂಗಾಲೀಸ್ ಬಳಿ ಬೆಳೆಸಿ ನೋಡಿದ. ದೊಡ್ಡವಾದ ಗಂಡುಗಳು ಸ್ವಜಾತಿಯ ಹೆಣ್ಣನ್ನು ಬಿಟ್ಟು ಬೆಂಗಾಲೀಸ್ ಹೆಣ್ಣಿನ ಮುಂದೆ ಹಾಡಿದವು. ಸಾಕಿದವಳೇ ಅವಕ್ಕೆ ತಾಯಿ, ಅವಳ ಹಾಗಿರುವವಳೇ ಹೆಂಡತಿ. ಗೂಲ್ಡಿಯನ್ ವಿಷಯದಲ್ಲೂ ಸಾಕುವವರಲ್ಲಿ ಜಗಳ ಶುರುವಾಯಿತು. ಮರಿ ಸಾಕಲು ಬಾರದ ಜೋಡಿಗಳ ಸಂತಾನವನ್ನೇ ಹೀಗೆ ಉಳಿಸುತ್ತ ಹೋದರೆ ಕೊನೆಗೆ ಉಳಿಯುವುದು ಎಂಥ ಹಕ್ಕಿ ಅಂತ. ನಾನಂತೂ ಈ ವಾದದಲ್ಲಿ ಎರಡನೆಯವರ ಕಡೆ, ಅಂದರೆ ಕೋಣೆ ಬಿಸಿ ಮಾಡಿ, ದಪ್ಪ ಹಲಗೆಯ ಪೆಟ್ಟಿಗೆ ಕೊಟ್ಟು, ಮರಿಗಳನ್ನು ಹೆತ್ತವರ ಬಳಿಯೇ ಬಿಡುವವರ ಕಡೆ. ಹಾಗೆ ಮಾಡುವವರೂ ಒಂದು ಜೋಡಿ ಬೆಂಗಾಲೀಸ್ ಅನ್ನು ಪಕ್ಕದ ಪಂಜರದಲ್ಲಿ ಇಟ್ಟುಕೊಂಡಿರುವುದುಂಟು. ತೀರಾ ಕೈಮೀರಿದ ರಾತ್ರಿಗೆ ಬೇಕಾಗುತ್ತದೆ ಅಂತ.