ನಿದ್ರೆಯ ಹೊತ್ತು, ಒಂದೇ ಬಾಗಿಲು: ನಾಸಿಕ್ ಮತ್ತು ಛತ್ರಪತಿ ಸಂಭಾಜಿನಗರಗಳಲ್ಲಿ ಅಗ್ನಿ ಅಪಾಯದ ನಿರ್ವಹಣೆ

ಪೀಠಿಕೆ

ಅಗ್ನಿಶಾಮಕ ದಳದ ಶಕ್ತಿಯನ್ನು ಠಾಣೆ, ವಾಹನ, ಸಿಬ್ಬಂದಿಯ ಲೆಕ್ಕದಲ್ಲಿ ಅಳೆಯುವುದು ರೂಢಿ. ಕರೆ ಬಂದ ಮೇಲೆ ಎಷ್ಟು ನಿಮಿಷದಲ್ಲಿ ತಲುಪಿದರು ಎಂಬುದು ಇನ್ನೊಂದು ಅಳತೆ. ಎರಡೂ ಅಗತ್ಯವೇ. ಆದರೆ ಬೆಂಕಿ ಹೊತ್ತುವ ಮೊದಲೇ ಯಾರ ಜೀವ ಅಪಾಯದಲ್ಲಿದೆ ಎಂಬುದು ಇವುಗಳಿಂದ ತಿಳಿಯುವುದಿಲ್ಲ. ಮಹಾರಾಷ್ಟ್ರದ ನಾಸಿಕ್ ಮತ್ತು ಛತ್ರಪತಿ ಸಂಭಾಜಿನಗರ (ಹಿಂದಿನ ಔರಂಗಾಬಾದ್) ನಗರಗಳ ಇತ್ತೀಚಿನ ದುರಂತಗಳನ್ನು ಒಟ್ಟಿಗೆ ಇಟ್ಟು ನೋಡಿದರೆ, ಅಪಾಯದ ನಕ್ಷೆಯನ್ನು ಕಟ್ಟಡದ ಎತ್ತರ, ವಿಸ್ತೀರ್ಣಗಳಿಂದಷ್ಟೇ ಬರೆದರೆ ಸಾಲದು ಎಂಬುದು ಕಾಣುತ್ತದೆ. ಜನ ಎಲ್ಲಿ ಮಲಗುತ್ತಾರೆ, ಅಲ್ಲಿಂದ ಹೊರಬರಲು ಎಷ್ಟು ದಾರಿಗಳಿವೆ ಎಂಬುದೇ ಆ ನಕ್ಷೆಯ ಆಧಾರವಾಗಬೇಕು ಎಂಬುದು ಈ ಲೇಖನದ ವಾದ.

ಮೂರು ನಸುಕುಗಳು

2022ರ ಅಕ್ಟೋಬರ್ 8ರಂದು ಬೆಳಗಿನ ಜಾವ, ಯವತ್ಮಾಳದಿಂದ ಮುಂಬೈಗೆ ಹೊರಟಿದ್ದ ಖಾಸಗಿ ಬಸ್ಸು ನಾಸಿಕ್–ಔರಂಗಾಬಾದ್ ರಸ್ತೆಯಲ್ಲಿ ಲಾರಿಗೆ ಡಿಕ್ಕಿ ಹೊಡೆದು ಹೊತ್ತಿಕೊಂಡಿತು. 12 ಮಂದಿ ಸತ್ತರು. 2023ರ ಡಿಸೆಂಬರ್ 31ರಂದು ರಾತ್ರಿ ಎರಡು ಗಂಟೆಯ ಸುಮಾರಿಗೆ ಸಂಭಾಜಿನಗರದ ವಾಳೂಜ್ ಕೈಗಾರಿಕಾ ಪ್ರದೇಶದಲ್ಲಿ ಕೈಗವಸು ತಯಾರಿಸುವ ಘಟಕಕ್ಕೆ ಬೆಂಕಿ ಬಿದ್ದಾಗ, ದುಡಿದು ಅಲ್ಲೇ ಮಲಗಿದ್ದವರಲ್ಲಿ 6 ಕಾರ್ಮಿಕರು ಅಸುನೀಗಿದರು. 2024ರ ಏಪ್ರಿಲ್ 3ರಂದು ಬೆಳಗಿನ ಜಾವ ಅದೇ ನಗರದ ಛಾವಣಿ (ದಂಡು) ಪ್ರದೇಶದ ದಾಣಾ ಬಜಾರಿನಲ್ಲಿ ನೆಲಮಹಡಿಯ ಹೊಲಿಗೆ ಅಂಗಡಿ ಹೊತ್ತಿತು. ಜ್ವಾಲೆ ಮೇಲ್ಮಹಡಿಯನ್ನು ಮುಟ್ಟಲಿಲ್ಲ, ಹೊಗೆ ಮುಟ್ಟಿತು. ಮೇಲೆ ಮಲಗಿದ್ದ ಒಂದೇ ಕುಟುಂಬದ 7 ಮಂದಿ, ಮಕ್ಕಳೂ ಸೇರಿ, ಉಸಿರುಗಟ್ಟಿ ಸತ್ತರು.

ಈ ಕೊನೆಯ ಪ್ರಕರಣವನ್ನು ಹತ್ತಿರದಿಂದ ನೋಡಬೇಕು. ಕೆಳಗೆ ಅಂಗಡಿ, ಮೇಲೆ ಮನೆ: ನಮ್ಮ ಊರುಗಳ ಪೇಟೆಬೀದಿಗಳಲ್ಲಿ ಇದಕ್ಕಿಂತ ಸಾಮಾನ್ಯವಾದ ಕಟ್ಟಡವಿಲ್ಲ. ಬಟ್ಟೆ, ನೂಲು, ಕೃತಕ ಎಳೆಯ ಬಟ್ಟೆಗಳು ಸುಟ್ಟಾಗ ಏಳುವ ದಟ್ಟ ಹೊಗೆಗೆ ಮೆಟ್ಟಿಲ ಸಂದು ಚಿಮಣಿಯಾಗುತ್ತದೆ. ಮನೆಯವರು ಇಳಿಯಬೇಕಾದ ದಾರಿಯೂ ಅದೇ. ಇಂಗಾಲದ ಮಾನಾಕ್ಸೈಡಿಗೆ ವಾಸನೆಯಿಲ್ಲ. ಮಲಗಿದವರನ್ನು ಅದು ಎಬ್ಬಿಸುವುದಿಲ್ಲ, ನಿದ್ರೆಯನ್ನು ಇನ್ನಷ್ಟು ಆಳಕ್ಕೆ ಒಯ್ಯುತ್ತದೆ.

ಇದಕ್ಕೆ ಎದುರಾಗಿ 2016ರ ಅಕ್ಟೋಬರ್ 29ರ ಘಟನೆಯನ್ನು ಇಟ್ಟು ನೋಡೋಣ. ದೀಪಾವಳಿಯ ಹೊತ್ತಿನಲ್ಲಿ ಸಂಭಾಜಿನಗರದ ಔರಂಗಪುರದ ಜಿಲ್ಲಾ ಪರಿಷತ್ ಮೈದಾನದ ಪಟಾಕಿ ಪೇಟೆಯಲ್ಲಿ ನೂರಕ್ಕೂ ಹೆಚ್ಚು ಮಳಿಗೆಗಳು ಸುಟ್ಟುಹೋದವು. ಉರಿಯುವ ಸರಕಿನ ಲೆಕ್ಕದಲ್ಲಿ ಹೊಲಿಗೆ ಅಂಗಡಿ ಇದರ ಮುಂದೆ ಏನೂ ಅಲ್ಲ. ಆದರೆ ಅದು ಹಗಲು. ಜನ ಎಚ್ಚರವಾಗಿದ್ದರು, ಸುತ್ತ ಬಯಲಿತ್ತು, ಓಡಿ ಪಾರಾದರು. ಇಷ್ಟೇ ಪ್ರಕರಣಗಳಿಂದ ಸಾರ್ವತ್ರಿಕ ನಿಯಮ ಹೊರಡದು. 2023ರ ಜನವರಿ 1ರಂದು ನಾಸಿಕ್ ಜಿಲ್ಲೆಯ ಇಗತ್ಪುರಿ ತಾಲ್ಲೂಕಿನ ಮುಂಡೇಗಾಂವ್ ಬಳಿಯ ಕಾರ್ಖಾನೆಯಲ್ಲಿ ಸ್ಫೋಟವಾಗಿ ಹಗಲಲ್ಲೇ ಕಾರ್ಮಿಕರು ಸತ್ತರು. ಸ್ಫೋಟ ಯಾರಿಗೂ ಓಡಲು ಸಮಯ ಕೊಡುವುದಿಲ್ಲ. ಸ್ಫೋಟವಿಲ್ಲದ ಬೆಂಕಿಯಲ್ಲಿ ಮಾತ್ರ ಸರಕಿನ ಪ್ರಮಾಣಕ್ಕಿಂತ ಎಚ್ಚರ ಮತ್ತು ದಾರಿ ಹೆಚ್ಚು ನಿರ್ಣಾಯಕ ಎಂದು ಹೇಳಲು ಈ ಹೋಲಿಕೆ ಆಧಾರ ಕೊಡುತ್ತದೆ.

ಕಾನೂನು ಮತ್ತು ಗಡಿ

ಮಹಾರಾಷ್ಟ್ರದ 2006ರ ಅಗ್ನಿ ತಡೆ ಮತ್ತು ಜೀವರಕ್ಷಣಾ ಕ್ರಮಗಳ ಕಾಯ್ದೆ ಹೊಣೆಯನ್ನು ಮಾಲೀಕ ಅಥವಾ ಅನುಭೋಗದಾರನ ಮೇಲೆ ಹೊರಿಸುತ್ತದೆ. ಅಳವಡಿಸಿದ ಸಲಕರಣೆಗಳು ಸುಸ್ಥಿತಿಯಲ್ಲಿವೆ ಎಂದು ಪರವಾನಗಿ ಪಡೆದ ಸಂಸ್ಥೆಯಿಂದ ಪ್ರಮಾಣಪತ್ರ ತಂದು ವರ್ಷಕ್ಕೆರಡು ಬಾರಿ, ಜನವರಿ ಮತ್ತು ಜುಲೈಯಲ್ಲಿ, ಸಲ್ಲಿಸಬೇಕು. ಆಸ್ಪತ್ರೆ, ಮಾಲ್, ಬಹುಮಹಡಿ ಕಟ್ಟಡಗಳಿಗೆ ಈ ಏರ್ಪಾಡು ಒಪ್ಪುತ್ತದೆ. ಸಲಕರಣೆಯೇ ಇಲ್ಲದ ಎರಡಂತಸ್ತಿನ ಅಂಗಡಿಮನೆಗೆ ಕಾಗದದ ಈ ಜಾಲ ತಲುಪುವುದು ಕಷ್ಟ.

ಆಡಳಿತದ ಗಡಿಗಳದು ಇನ್ನೊಂದು ತೊಡಕು. ಸಂವಿಧಾನದ ಹನ್ನೆರಡನೆಯ ಅನುಸೂಚಿ ಅಗ್ನಿಶಾಮಕ ಸೇವೆಯನ್ನು ಪೌರಸಂಸ್ಥೆಗಳ ಕೆಲಸಗಳಲ್ಲಿ ಎಣಿಸುತ್ತದೆ. ಮಹಾರಾಷ್ಟ್ರದಲ್ಲಿ ಮಹಾನಗರಪಾಲಿಕೆಗಳಿಗೆ ತಮ್ಮದೇ ದಳಗಳಿವೆ. ಕೈಗಾರಿಕಾ ಅಭಿವೃದ್ಧಿ ನಿಗಮಕ್ಕೆ ಬೇರೆ ದಳವಿದೆ. ಛಾವಣಿಗೆ ದಂಡು ಮಂಡಳಿ ಇದೆ. ಹೀಗಾಗಿ ಸಂಭಾಜಿನಗರದ ವಾಳೂಜ್ ಮತ್ತು ಛಾವಣಿಯ ಎರಡು ದುರಂತಗಳೂ ಪಾಲಿಕೆಯ ಸಾಮಾನ್ಯ ಆಡಳಿತದ ಅಂಚಿನಾಚೆಯ ನೆಲದಲ್ಲಿ ನಡೆದವು. ಕರ್ನಾಟಕದಲ್ಲಿ 1964ರ ಕಾಯ್ದೆಯಡಿ ಇಡೀ ರಾಜ್ಯಕ್ಕೆ ಒಂದೇ ಇಲಾಖೆ ಇದೆ. ಅಲ್ಲಿಯೂ 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ 9 ಮಂದಿ ಸತ್ತರು. ಇಲಾಖೆ ಒಂದಾದ ಮಾತ್ರಕ್ಕೆ ಬಾಗಿಲು ತೆರೆದುಕೊಳ್ಳುವುದಿಲ್ಲ. ಇಂಗ್ಲೆಂಡಿನ 2004ರ ಕಾಯ್ದೆ ಬೆಂಕಿ ಆರಿಸುವುದರ ಜೊತೆಗೆ ಅಗ್ನಿ ಸುರಕ್ಷತೆಯ ಪ್ರಚಾರವನ್ನೂ ದಳದ ಶಾಸನಬದ್ಧ ಕರ್ತವ್ಯವಾಗಿಸಿತು. ನಮಗೆ ಬೇಕಾದದ್ದು ಈ ಹೊರಳು: ಮನೆಬಾಗಿಲಿಗೆ ಹೋಗುವ ಕೆಲಸವೂ ದಳದ ದಿನಚರಿಯ ಭಾಗವಾಗಬೇಕು.

ಗೋದಾವರಿಯ ಪಾಠ

ದಳ ಮನೆಬಾಗಿಲಿಗೆ ಬಂದರಷ್ಟೇ ಸಾಲದು, ಅಪಾಯವನ್ನು ಜನರೂ ಗುರುತಿಸಬೇಕು. ಅಂಥ ಸಮುದಾಯಜ್ಞಾನಕ್ಕೆ ಮಾದರಿ ನಾಸಿಕದಲ್ಲೇ ಇದೆ. ಗೋದಾವರಿಯ ಘಾಟಿನಲ್ಲಿರುವ ದುತೋಂಡ್ಯಾ ಮಾರುತಿಯ ಎತ್ತರದ ವಿಗ್ರಹವೇ ಅಲ್ಲಿನವರಿಗೆ ನೆರೆಯ ಅಳತೆಗೋಲು. ನೀರು ಪಾದಕ್ಕೆ ಬಂತೇ, ಸೊಂಟಕ್ಕೆ ಬಂತೇ, ಎದೆಗೆ ಏರಿತೇ ಎಂದು ಕೇಳಿಯೇ ನದಿದಂಡೆಯ ವ್ಯಾಪಾರಿಗಳು ಸರಕು ಎತ್ತುತ್ತಾರೆ. ಗಂಗಾಪುರ ಅಣೆಕಟ್ಟಿನಿಂದ ಬಿಟ್ಟ ನೀರಿನ ಕ್ಯೂಸೆಕ್ ಲೆಕ್ಕ ಅಧಿಕಾರಿಗಳಿಗೆ, ಮಾರುತಿ ಎಲ್ಲರಿಗೂ. ಅಪಾಯ ಎಲ್ಲರ ಕಣ್ಣಿಗೆ ಕಾಣುತ್ತದೆ, ಕಂಡ ಕೂಡಲೇ ಏನು ಮಾಡಬೇಕೆಂಬುದೂ ಗೊತ್ತಿದೆ. ಬೆಂಕಿಯ ವಿಷಯದಲ್ಲಿ ಇಂಥ ಸಾಮೂಹಿಕ ಅಳತೆ ನಮ್ಮಲ್ಲಿ ಬೆಳೆದಿಲ್ಲ.

ಸಮಾರೋಪ

ಅದನ್ನು ಬೆಳೆಸುವ ದಾರಿ ದುಬಾರಿಯದಲ್ಲ. ಪಾಲಿಕೆ, ಕೈಗಾರಿಕಾ ನಿಗಮ, ದಂಡು ಮಂಡಳಿ ಮೂರೂ ಸೇರಿ ಮಲಗುವ ಜಾಗಗಳ ಒಂದೇ ಪಟ್ಟಿ ಮಾಡಬೇಕು: ಅಂಗಡಿಯ ಮೇಲಿನ ಮನೆ, ಕಾರ್ಮಿಕರು ತಂಗುವ ಘಟಕ, ಹಾಸ್ಟೆಲು. ಪ್ರತಿಯೊಂದಕ್ಕೂ ಮೂರು ಪ್ರಶ್ನೆ: ಎರಡನೆಯ ದಾರಿ ಇದೆಯೇ? ಕಿಟಕಿಯ ಸರಳು ಒಳಗಿನಿಂದ ತೆರೆಯುತ್ತದೆಯೇ? ಹೊಗೆ ಬಂದರೆ ಕೂಗುವ ಪುಟ್ಟ ಉಪಕರಣ ಇದೆಯೇ? ಉತ್ತರ ಇಲ್ಲವೆಂದಾದಲ್ಲಿಗೆ ದಳದವರು ನೋಟಿಸಿಗಿಂತ ಮೊದಲು ಸಲಹೆ ಹಿಡಿದು ಹೋಗಬೇಕು. ಕಾರ್ಖಾನೆಯೊಳಗೆ ಕಾರ್ಮಿಕರನ್ನು ಮಲಗಿಸುವ ಮಾಲೀಕರಿಗೆ ಮಾತ್ರ ಸಲಹೆ ಸಾಲದು, ಕ್ರಮವೇ ಆಗಬೇಕು.

2027ರ ಸಿಂಹಸ್ಥ ಕುಂಭಮೇಳಕ್ಕೆ ನಾಸಿಕದ ತಪೋವನದಲ್ಲಿ ಸಾಧುಗಳೂ ಯಾತ್ರಿಕರೂ ಬಟ್ಟೆಯ ಡೇರೆಗಳಲ್ಲಿ, ಅಡುಗೆಯ ಒಲೆಗಳ ಪಕ್ಕದಲ್ಲಿ, ರಾತ್ರಿ ಕಳೆಯಲಿದ್ದಾರೆ. 2025ರ ಜನವರಿ 19ರಂದು ಪ್ರಯಾಗರಾಜದ ಮಹಾಕುಂಭದಲ್ಲಿ ಡೇರೆಗಳು ಸುಟ್ಟಾಗ ಜೀವಗಳು ಉಳಿದವು. ಅದೂ ಹಗಲಿನ ಬೆಂಕಿ. ಅದೇ ಅದೃಷ್ಟ ರಾತ್ರಿಯಲ್ಲೂ ಕಾಯುತ್ತದೆಂದು ನಂಬಿ ಕೂರುವಂತಿಲ್ಲ. ಡೇರೆಗಳ ನಡುವಿನ ಅಂತರ, ರಾತ್ರಿ ಪಹರೆ, ಮಲಗುವ ಹೊತ್ತಿಗೆ ಒಲೆ ಆರಿಸುವ ಕಟ್ಟುಪಾಡುಗಳು ಈಗಲೇ ತೀರ್ಮಾನವಾಗಬೇಕು. ದಳದ ಸಾಧನೆಯನ್ನು ಮುಂದೆ ಆರಿಸಿದ ಬೆಂಕಿಗಳಿಂದ ಮಾತ್ರವಲ್ಲದೆ, ಎರಡನೆಯ ದಾರಿ ಪಡೆದ ಮನೆಗಳಿಂದಲೂ ಅಳೆಯಬೇಕು.