ಹಾಲೆಯಿಂದ ಪಕ್ಕೆಲುಬಿನವರೆಗೆ: ಕಿವಿ ಕಟ್ಟಿದವರ ಚರಿತ್ರೆ

ಗಬ್ಬೂರಿನಲ್ಲಾಗಲಿ, ಹುಬ್ಬಳ್ಳಿಯ ಬೇರಾವ ಓಣಿಯಲ್ಲಾಗಲಿ, ಕೂಸಿನ ಕಿವಿ ಚುಚ್ಚಿಸುವುದೆಂದರೆ ಮನೆಮಂದಿಗೆಲ್ಲ ಸಂಭ್ರಮ. ಪತ್ತಾರರು ಬಂಗಾರದ ತಂತಿಯಿಂದ ಹಾಲೆ ಚುಚ್ಚಿ, ಕೂಸು ಅಳು ತೆಗೆಯುವಷ್ಟರಲ್ಲಿ ಕೆಲಸ ಮುಗಿಸಿರುತ್ತಾರೆ. ಆದರೆ ಹಾಲೆಯೇ ಇಲ್ಲದ ಕೂಸು ಹುಟ್ಟಿದರೆ? ಇಡೀ ಕಿವಿಯೇ ಶೇಂಗಾ ಬೀಜದಷ್ಟು ಗಂಟಾಗಿದ್ದರೆ? ಆಗ ಸಂಭ್ರಮದ ಬದಲು ಪಿಸುಮಾತು ಶುರುವಾಗುತ್ತದೆ. "ಗ್ರಹಣದಾಗ ಆಕಿ ಈಳಿಗಿ ಹಿಡಿದಿದ್ಲು" ಎಂದು ಬಾಣಂತಿಯ ಮೇಲೆ ತಪ್ಪು ಹೊರಿಸುವವರೂ ಇದ್ದಾರೆ.

ಗ್ರಹಣಕ್ಕೂ ಇದಕ್ಕೂ ಏನೂ ಸಂಬಂಧವಿಲ್ಲ. ಗರ್ಭದ ಐದಾರನೆಯ ವಾರದಲ್ಲಿ ಭ್ರೂಣದ ಕತ್ತಿನ ಬಳಿ ಆರು ಪುಟ್ಟ ಉಬ್ಬುಗಳು ಮೂಡಿ, ಒಂದಕ್ಕೊಂದು ಕೂಡಿಕೊಂಡು ಹೊರಕಿವಿಯಾಗುತ್ತವೆ. ಈ ಕೂಡಿಕೆಯಲ್ಲಿ ತೊಡಕಾದರೆ ಕಿವಿ ಚಿಕ್ಕದಾಗಬಹುದು, ಮಡಚಿಕೊಳ್ಳಬಹುದು, ಬೆಳೆಯದೆಯೂ ಉಳಿಯಬಹುದು. ಆ ಹೊತ್ತಿಗೆ ಎಷ್ಟೋ ತಾಯಂದಿರಿಗೆ ತಾವು ಬಸುರಿಯೆಂಬುದೇ ಖಾತ್ರಿಯಾಗಿರುವುದಿಲ್ಲ.

ಕಿವಿಯನ್ನು ಸರಿಪಡಿಸುವ ಯತ್ನ ನಮ್ಮ ದೇಶದಲ್ಲಿ ಬಹಳ ಹಳೆಯದು. ಸುಶ್ರುತ ಸಂಹಿತೆಯ ಸೂತ್ರಸ್ಥಾನದ 16ನೆಯ ಅಧ್ಯಾಯ ಕಿವಿ ಚುಚ್ಚುವ ಹಾಗೂ ಹರಿದ ಹಾಲೆಯನ್ನು ಕೂಡಿಸುವ ವಿಧಾನಕ್ಕೇ ಮೀಸಲು. ಭಾರವಾದ ಓಲೆಗಳಿಂದ ಹಾಲೆ ಹರಿಯುವುದು ಅಂದು ಸಾಮಾನ್ಯವಾಗಿತ್ತು. ಕೂಡಿಸುವ 15 ಬಗೆಗಳನ್ನು ಅಲ್ಲಿ ಹೇಳಿದೆ. ಹಾಲೆಯೇ ಇಲ್ಲದವರಿಗೆ ಕೆನ್ನೆಯ ಮಾಂಸವನ್ನು ಎಬ್ಬಿಸಿ, ಅದರ ಒಂದು ತುದಿಯನ್ನು ಕೆನ್ನೆಗೇ ಅಂಟಿಕೊಂಡಿರಲು ಬಿಟ್ಟು, ಹೊಸ ಹಾಲೆ ಮಾಡಬೇಕೆಂದು ಸೂಚಿಸಿದೆ. ಅಂಟಿಕೊಂಡ ತುದಿಯಿಂದ ರಕ್ತ ಹರಿಯುತ್ತಿರುವುದರಿಂದ ಮಾಂಸ ಬದುಕಿ ಉಳಿಯುತ್ತದೆ. ಪ್ಲಾಸ್ಟಿಕ್ ಸರ್ಜರಿಯ ಅಡಿಗಲ್ಲೇ ಈ ಉಪಾಯ. ಸುಶ್ರುತ ಇಡೀ ಕಿವಿಯನ್ನೇ ಕಟ್ಟಿದನೆಂದು ಭಾಷಣಗಳಲ್ಲಿ ಹೇಳುವುದುಂಟು. ಗ್ರಂಥದಲ್ಲಿರುವುದು ಹಾಲೆಯ ಮಾತು. ಅದೇನು ಸಣ್ಣ ಸಾಧನೆಯಲ್ಲ.

ಇದೇ ಉಪಾಯ ಪಶ್ಚಿಮಕ್ಕೆ ಹೋದದ್ದು ಮೂಗಿನ ಮೂಲಕ; ಆ ಕಥೆಗೆ ನಮ್ಮ ಮೈಸೂರು ಸೀಮೆಯ ನಂಟಿದೆ. 1792ರ ಮೈಸೂರು ಯುದ್ಧದಲ್ಲಿ ಇಂಗ್ಲಿಷ್ ಸೈನ್ಯದ ಎತ್ತಿನಬಂಡಿ ಹೊಡೆಯುತ್ತಿದ್ದ ಕವಾಸ್ಜಿ ಎಂಬಾತ ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕು, ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡ. ಪುಣೆಯ ಬಳಿ, ಇಟ್ಟಿಗೆ ಮಾಡುವ ಕುಲದವನೊಬ್ಬ ಆತನ ಹಣೆಯ ಚರ್ಮವನ್ನು ಇಳಿಸಿ ಹೊಸ ಮೂಗು ಕಟ್ಟಿಕೊಟ್ಟ. ಈ ವರದಿ 1794ರ ಅಕ್ಟೋಬರಿನಲ್ಲಿ ಲಂಡನ್ನಿನ 'ಜೆಂಟಲ್‌ಮನ್ಸ್ ಮ್ಯಾಗಜಿನ್'ನಲ್ಲಿ ಅಚ್ಚಾಯಿತು. 1814ರಲ್ಲಿ ಕಾರ್ಪ್ಯೂ ಎಂಬ ಸರ್ಜನ್ ಲಂಡನ್ನಿನಲ್ಲಿ ಅದೇ ಕ್ರಮವನ್ನು ಅನುಸರಿಸಿದ. ಯುದ್ಧದ ವರದಿಗಳಲ್ಲಿ ಸೇನಾಪತಿಗಳ ಹೆಸರಿರುತ್ತದೆ, ಆ ಇಟ್ಟಿಗೆಯವನ ಹೆಸರು ಮಾತ್ರ ಯಾರಿಗೂ ಬೇಕಾಗಲಿಲ್ಲ!

ಚರ್ಮದ ಸಮಸ್ಯೆ ಬಗೆಹರಿದರೂ ಕಿವಿಯ ಸಮಸ್ಯೆ ಬಗೆಹರಿಯಲಿಲ್ಲ. ನಿಮ್ಮ ಕಿವಿಯನ್ನೇ ಒಮ್ಮೆ ಮುಟ್ಟಿ ನೋಡಿ. ಹಾಲೆ ಬಿಟ್ಟರೆ ಉಳಿದುದೆಲ್ಲ ತೆಳುವಾದ, ಬಾಗುವ ಮೃದ್ವಸ್ಥಿ. ಅದರಲ್ಲಿ ಎಷ್ಟು ಮಡಿಕೆ, ಎಷ್ಟು ತಗ್ಗು! ಒಳಗೆ ಚೌಕಟ್ಟಿಲ್ಲದೆ ಬರೀ ಚರ್ಮದಿಂದ ಇದನ್ನು ಕಟ್ಟಲಾಗದು. ಇದ್ದ ಕಿವಿಯನ್ನು ತಿದ್ದುವುದು ಅದಕ್ಕಿಂತ ಸುಲಭ. 1881ರಲ್ಲಿ ಅಮೆರಿಕದ ಎಲಿ ಎಂಬ ವೈದ್ಯ 12 ವರ್ಷದ ಹುಡುಗನೊಬ್ಬನ ಚಾಚಿದ ಕಿವಿಗಳನ್ನು ಹಿಂದಕ್ಕೆ ಕೂಡಿಸಿದ. ಸಹಪಾಠಿಗಳ ಗೇಲಿಯೇ ಆ ಹುಡುಗನ ನೋವಾಗಿತ್ತು. 1910ರಲ್ಲಿ ಲಕೆಟ್, ಇಂಥ ಕಿವಿಯಲ್ಲಿ ಒಳಮಡಿಕೆಯೊಂದು ಮೂಡದಿರುವುದೇ ಕಾರಣವೆಂದು ತೋರಿಸಿದ.

ಇಲ್ಲದ ಕಿವಿಯನ್ನು ಕಟ್ಟುವ ದಾರಿಯನ್ನು ಮೊದಲ ಮಹಾಯುದ್ಧದ ಗಾಯಾಳುಗಳ ಮುಖ ತಿದ್ದಿದ ಗಿಲ್ಲೀಸ್ 1920ರ ಹೊತ್ತಿಗೆ ಹಿಡಿದ. ಪಕ್ಕೆಲುಬಿನ ಮೃದ್ವಸ್ಥಿಯನ್ನು ಕೆತ್ತಿ ಕಿವಿಯ ಜಾಗದ ಚರ್ಮದಡಿ ಹುಗಿಯುವುದೇ ಆ ದಾರಿ. ಮುಂದೆ ಆತ ತಾಯಂದಿರ ಕಿವಿಯ ಮೃದ್ವಸ್ಥಿಯನ್ನೇ ತೆಗೆದು ಮಕ್ಕಳಿಗೆ ಇಟ್ಟೂ ನೋಡಿದ. ಅವು ಕ್ರಮೇಣ ಕರಗಿದವು. ದೇಹ ಪರರದನ್ನು ಒಪ್ಪದು, ತಾಯಿಯದಾದರೂ. 1959ರಲ್ಲಿ ಅಮೆರಿಕದ ಟ್ಯಾಂಜರ್ ಮಗುವಿನ ಸ್ವಂತ ಪಕ್ಕೆಲುಬಿಗೇ ಮರಳಿ, ಕ್ರಮವನ್ನು ಸ್ಥಿರಗೊಳಿಸಿದ. ಬ್ರೆಂಟ್, ಜಪಾನಿನ ನಗಾಟ ಅದನ್ನು ಇನ್ನಷ್ಟು ನಯಗೊಳಿಸಿದರು.

ಇಂದೂ ಒಂದೇ ಕಿವಿಯ ತೊಂದರೆಯಿದ್ದರೆ ಎದುರಿನ ಕಿವಿಯ ರೇಖೆಯನ್ನು ಪಾರದರ್ಶಕ ಹಾಳೆಯ ಮೇಲೆ ತೆಗೆದು, ಹಾಳೆಯನ್ನು ಮಗುಚಿ, ಅದರಂತೆ ಚೌಕಟ್ಟು ಕೆತ್ತುತ್ತಾರೆ. ಕೆಲವು ತಿಂಗಳ ಬಳಿಕ ಎರಡನೆಯ ಹಂತದಲ್ಲಿ ಅದನ್ನು ತಲೆಯಿಂದ ಎಬ್ಬಿಸಿ ನಿಲ್ಲಿಸುತ್ತಾರೆ. ಪಕ್ಕೆಲುಬು ಸಾಕಷ್ಟು ಬೆಳೆದಿರಬೇಕಾದ್ದರಿಂದ ಸಾಮಾನ್ಯವಾಗಿ 6ರಿಂದ 10 ವರ್ಷದವರೆಗೆ ಕಾಯಬೇಕು.

ಎಲ್ಲ ಕಿವಿಗೂ ಕತ್ತರಿ ಬೇಡ. ಪೂರ್ಣ ಬೆಳೆದೂ ಮಡಚಿಕೊಂಡೋ ಸೊಟ್ಟಗಾಗಿಯೋ ಇರುವ ಕಿವಿಯನ್ನು ಹುಟ್ಟಿದ ಮೊದಲ ವಾರಗಳಲ್ಲಿ ಅಚ್ಚು, ಟೇಪುಗಳಿಂದ ಹಿಡಿದಿಟ್ಟೇ ತಿದ್ದಬಹುದೆಂದು 1980ರ ದಶಕದಲ್ಲಿ ಜಪಾನಿನ ಮತ್ಸುವೋ ಮೊದಲಾದವರು ತೋರಿಸಿದರು. ತಾಯಿಯಿಂದ ಬಂದ ಈಸ್ಟ್ರೊಜನ್ ಹಾರ್ಮೋನು ಕೂಸಿನ ದೇಹದಲ್ಲಿ ಇನ್ನೂ ಇರುವಾಗ ಮೃದ್ವಸ್ಥಿ ಹಸಿಮಣ್ಣಿನಷ್ಟು ಮೆತ್ತಗಿರುತ್ತದೆ. "ದೊಡ್ಡದಾದ ಮ್ಯಾಲ ನೋಡೋಣ" ಎಂದು ಮನೆಯ ಹಿರಿಯರು ಮುಂದೂಡಿದರೆ ಆ ವಾರಗಳು ಕೈಬಿಟ್ಟುಹೋಗುತ್ತವೆ.

ಇನ್ನೊಂದು ವಿಷಯ ಆಕಾರಕ್ಕಿಂತ ಮುಖ್ಯ. ಹೊರಕಿವಿ ಬೆಳೆಯದ ಕೂಸಿಗೆ ಕಿವಿಯ ನಾಳವೂ ಮುಚ್ಚಿರಬಹುದು. ಆದರೆ ಒಳಕಿವಿ ಬೇರೆ ಮೂಲದಿಂದ ಬೆಳೆಯುವುದರಿಂದ ಅದು ಬಹಳಷ್ಟು ಮಕ್ಕಳಲ್ಲಿ ಚೆನ್ನಾಗಿಯೇ ಇರುತ್ತದೆ. ಎರಡೂ ಕಿವಿ ಹೀಗಿದ್ದರೆ ತಲೆಯ ಪಟ್ಟಿಗೆ ಕಟ್ಟಿದ ಯಂತ್ರದಿಂದ ಎಲುಬಿನ ಮೂಲಕ ಸದ್ದು ಒಳಗೆ ಮುಟ್ಟಿಸಬಹುದು. ಇದನ್ನು ಮಾತು ಕಲಿಯುವ ವಯಸ್ಸಿಗೆ ಮುಂಚೆಯೇ ಮಾಡಬೇಕು. ಶಸ್ತ್ರಚಿಕಿತ್ಸೆಯ ವಯಸ್ಸಿನವರೆಗೆ ಕಾಯುವಂತಿಲ್ಲ. ಗಬ್ಬೂರಿನವರಾದರೆ 1957ರಲ್ಲಿ ಆರಂಭವಾದ ಹುಬ್ಬಳ್ಳಿ ವೈದ್ಯಕೀಯ ಕಾಲೇಜಿನ ಕಿವಿ-ಮೂಗು-ಗಂಟಲು ವಿಭಾಗಕ್ಕೆ ಹೋಗಿ, ಕೂಸಿನ ಕೇಳುವಿಕೆಯ ಪರೀಕ್ಷೆ ಆಗಬೇಕೆಂದು ಕೇಳಬಹುದು.